ಬಾಣಂತಿ ಮರಿಗೆ

ಬ್ರೆಕ್ಕೆ ಮನೆ, 24 ಮೇ 1962

ಟೂರುನ್,

ಈ ಪತ್ರಕ್ಕಿಂತ ಮೊದಲೇ ಮರಿಗೆ ಬಂದು ತಲುಪಿದ್ದರೆ ಅದನ್ನು ನೋಡಿ ನಿನಗೆ ನಗು ಬಂದಿರುತ್ತದೆ. ಹೌದು, ಅದೇ. ಅಜ್ಜಿಯ ಹೆಸರು ಕೆತ್ತಿದ, ಮುಚ್ಚಳದ ಮೇಲಿನ ಕೆಂಪು ಹೂವು ಅರ್ಧ ಅಳಿಸಿಹೋದ ನಮ್ಮ ಮರದ ಗಂಜಿಪಾತ್ರೆ, ಬಾಣಂತಿ ಮರಿಗೆ. ನೀನು ಹುಟ್ಟಿದಾಗ ಪಕ್ಕದ ಮನೆಯವರು ಅಮ್ಮನಿಗೆಂದು ಅದರ ತುಂಬ ಹುಳಿಕೆನೆಯ ಗಂಜಿ ಕಾಯಿಸಿ ಕೊಟ್ಟಿದ್ದರು. ಹೊತ್ತು ತಂದವಳು ನಾನು, ಆಗ ನನಗೆ ಹನ್ನೆರಡು ವರ್ಷ. ದಾರಿಯುದ್ದಕ್ಕೂ ಬೆರಳದ್ದಿ ನೆಕ್ಕಿ ನೆಕ್ಕಿ, ಮನೆ ಸೇರುವ ಹೊತ್ತಿಗೆ ಮೇಲೆ ತೇಲುತ್ತಿದ್ದ ತುಪ್ಪವೆಲ್ಲ ನನ್ನ ಹೊಟ್ಟೆಯಲ್ಲಿತ್ತು.

ಗಂಜಿ ನಿನ್ನ ದ್ವೀಪದವರೆಗೆ ಬರುವುದಿಲ್ಲ. ಅದಕ್ಕೆ ತಳದಲ್ಲಿ ಉಪ್ಪು ಬೆಣ್ಣೆ ಒತ್ತಿ, ಮೇಲೆ ಎರಡು ಅಚ್ಚು ಕಂದು ಚೀಸ್ ಇಟ್ಟಿದ್ದೇನೆ. ದೋಣಿಯಲ್ಲಿ ಹಾಲು ಬಂದ ದಿನ ನಿನ್ನ ಅತ್ತೆ ಗಂಜಿ ಮಾಡಿಕೊಡಲಿ, ಮೇಲೆ ನನ್ನ ಬೆಣ್ಣೆ ಕರಗಿಸಿ ಸುರಿಯಲಿ. ನಾಚಿಕೆ ಪಟ್ಟುಕೊಳ್ಳದೆ ತಿನ್ನು. ನಿನ್ನ ಹಾಲು ದಪ್ಪಗಾಗಬೇಕು.

ಮಗು ಗಟ್ಟಿಯಾದ ಮೇಲೆ ಮರಿಗೆ ವಾಪಸು ಕಳಿಸು. ಖಾಲಿ ಮಾತ್ರ ಕಳಿಸಬೇಡ ಮಾರಾಯ್ತಿ, ಒಂದು ಕಟ್ಟು ಒಣಮೀನಾದರೂ ಇರಲಿ. ಅಜ್ಜಿಯ ತಂಗಿ ಒಂದು ಸಲ ಸಿಟ್ಟಿನಲ್ಲಿ ಅದನ್ನು ಖಾಲಿ ಕಳಿಸಿದ್ದಕ್ಕೆ ಅಕ್ಕತಂಗಿಯರಿಬ್ಬರೂ ಹತ್ತೊಂಬತ್ತು ವರ್ಷ ಚರ್ಚಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂತರು. ಇನ್ನು ನಿನಗೂ ನನಗೂ ಮಾತಿಲ್ಲ ಅನ್ನುವುದಕ್ಕೆ ನಮ್ಮ ಕಡೆ ಬೇರೆ ಕಾಗದ ಬೇಕಾಗಿಲ್ಲ.

ಮುಂದಿನ ವಾರ ಹಸುಗಳನ್ನು ಹೊಡೆದುಕೊಂಡು ಬೆಟ್ಟದ ಹಟ್ಟಿಗೆ ಹೋಗುತ್ತೇನೆ. ಸೆಪ್ಟೆಂಬರ್‌ವರೆಗೆ ಅಲ್ಲೇ. ಹಾಲ್ವರ್ ಅಣ್ಣ ಶನಿವಾರ ಶನಿವಾರ ಬೆಣ್ಣೆ, ಚೀಸ್ ಒಯ್ಯಲು ಮೇಲೆ ಬರುತ್ತಾನೆ. ನಿನ್ನ ಪತ್ರವನ್ನೂ ಅವನೇ ತರಬೇಕು, ನನ್ನದನ್ನೂ ಅವನೇ ಒಯ್ಯಬೇಕು. ಬರೆಯುವುದನ್ನು ತಪ್ಪಿಸಬೇಡ.

ನಿನ್ನ ಅಕ್ಕ,
ಗುದ್‌ವೈಗ್

•

ಸ್ಕಾರ್ವೆ ದ್ವೀಪ, 6 ಜೂನ್ 1962

ಅಕ್ಕಾ,

ಮರಿಗೆ ಬಂತು. ಅತ್ತೆ ಮುಚ್ಚಳ ತೆಗೆದು ಮೂಸಿ, "ನಿಮ್ ಕಡೆಯೋರು ಗೋಡೆಗೂ ಬೆಣ್ಣೇನೇ ಬಳಿತಾರೇನೇ" ಅಂದರು. ಅಂದರೆ ಮೆಚ್ಚಿದರು ಅಂತ. ಓಡ್ಮುಂಡ್ ಹೆರಿಂಗ್ ಮೀನಿಗೆ ಐಸ್‌ಲ್ಯಾಂಡ್ ಕಡೆ ಹೋಗಿ ಆಯಿತು. ತನ್ನ ಮಗನ ಮುಖ ನೋಡಿದ್ದು ಹದಿನಾರು ದಿನ.

ಎಂಡ್ರೆಗೆ ಈಗ ಐದು ವಾರ. ಬೆರಳುಗಳು ಥೇಟ್ ನಿನ್ನವೇ, ಉದ್ದುದ್ದ. ಕುಡಿದದ್ದನ್ನು ಸ್ವಲ್ಪ ಕಕ್ಕುತ್ತಾನೆ. ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುವಷ್ಟರಲ್ಲಿ ನನ್ನ ರವಿಕೆಯ ಹಿಂಭಾಗವೆಲ್ಲ ಒದ್ದೆ. ಹಾಲುಗೂಸು ಕಕ್ಕದೆ ಇನ್ನೇನು ಮಾಡುತ್ತದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಕುಡಿಯುವಾಗ ಒಮ್ಮೊಮ್ಮೆ ಎದೆ ಬಿಟ್ಟು, ಬೆನ್ನು ಹಿಂದಕ್ಕೆ ಬಗ್ಗಿಸಿ ಚೀರುತ್ತಾನೆ. ಮತ್ತೆ ಬಾಯಿ ಹಾಕುತ್ತಾನೆ, ಮತ್ತೆ ಚೀರುತ್ತಾನೆ. ಹಸಿವೋ ನೋವೋ ನನಗೆ ತಿಳಿಯುವುದಿಲ್ಲ. ನೀನು ಇದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ದಿನಾ ಕೆನೆಗಂಜಿ ತಿನ್ನುತ್ತಿದ್ದೇನೆ. ನಿನ್ನ ಚೀಸ್ ಒಂದು ಅಚ್ಚು ಆಗಲೇ ಮುಗಿಯಿತು. ನಮ್ಮ ಅಡುಗೆಮನೆಯ ವಾಸನೆ ಅದರಲ್ಲಿದೆ, ತಿನ್ನುವಾಗ ಅಳು ಬಂತು. ಬಾಣಂತಿಯರಿಗೆ ಕಾರಣ ಬೇಕಿಲ್ಲ ಬಿಡು.

ಟೂರುನ್

•

ಬೆಟ್ಟದ ಹಟ್ಟಿ, 16 ಜೂನ್ 1962

ಟೂರುನ್,

ಕಕ್ಕುತ್ತಾನೆ ಅಂದರೆ ಹಾಲು ತೆಳ್ಳಗಿದೆ. ತೆಳು ಹಾಲು ಹೊಟ್ಟೆಯಲ್ಲಿ ಕೂರುವುದಿಲ್ಲ. ಗಂಜಿ ಎರಡು ಹೊತ್ತು ತಿನ್ನು. ಈ ಸಲ ಬೆಣ್ಣೆ ಜಾಸ್ತಿ ಕಳಿಸಿದ್ದೇನೆ, ಅತ್ತೆ ಗೋಡೆಗೆ ಬಳಿಯದಂತೆ ನೋಡಿಕೋ.

ಇಲ್ಲಿ ನಾನು, ಆರು ಹಸು, ಒಂದು ಕರು, ಒಂದು ಹಂದಿ. ಮೊನ್ನೆ ಡಾಗ್ರೋಸ್ ಬೇಲಿ ಮುರಿದು ಟರ್ನಿಪ್ ಪಾತಿಗೆ ನುಗ್ಗಿ ಹೊಟ್ಟೆ ಬಿರಿಯೆ ಸೊಪ್ಪು ಮೇದು ಬಂದಳು. ಮರುದಿನದ ಬೆಣ್ಣೆಯೆಲ್ಲ ಟರ್ನಿಪ್ ನಾತ. ಒಂದು ಇಡೀ ಕಡೆತ ಹಂದಿಗೆ ಹಾಕಿದೆ. ಹಾಲ್ವರ್ ಅಣ್ಣ ನಕ್ಕು, "ಪ್ಯಾಟೇಲಿ ಡೈರಿಯವ್ರು ಲಾರೀಲಿ ಬಂದು ಹಾಲು ತಗೊಂಡ್ ಹೋಗ್ತಾರೆ, ನೀನು ಇಲ್ಲಿ ಹಂದಿಗೆ ಬೆಣ್ಣೆ ತಿನ್ಸು" ಅಂದ. ಈ ಬೇಸಿಗೆಯೇ ಹಟ್ಟಿ ಮುಚ್ಚಬೇಕು ಅಂತಿದ್ದ. "ಟೂರುನ್‌ಗೆ ಕಳ್ಸೋದಾದ್ರೂ ಬೇಡ್ವಾ, ಬಾಣಂತಿ ಅವ್ಳು" ಅಂದೆ. ಆ ಮಾತು ಬಿಟ್ಟು ಬೆಣ್ಣೆ ಕಟ್ಟತೊಡಗಿದ.

ಮಗು ಕುಡಿದ ಮೇಲೆ ನೆಟ್ಟಗೆ ಎತ್ತಿಕೊಂಡಿರು. ಕರುವಿಗೂ ತಲೆ ಮೇಲಿದ್ದರೇ ಹಾಲು ಇಳಿಯುವುದು.

ಗುದ್‌ವೈಗ್

•

ಸ್ಕಾರ್ವೆ, 1 ಜುಲೈ 1962

ಅಕ್ಕಾ,

ಎಂಡ್ರೆಯನ್ನು ಎದೆಗೆ ಆನಿಸಿಕೊಂಡು ಕೂತೇ ಬರೆಯುತ್ತಿದ್ದೇನೆ, ಅಕ್ಷರ ಓರೆಕೋರೆ ಆದರೆ ಸಹಿಸಿಕೋ. ಅವನನ್ನು ಮಲಗಿಸುವ ಹಾಗಿಲ್ಲ. ಮಲಗಿಸಿದ ಕೂಡಲೇ ಗಂಟಲಲ್ಲಿ ಗೊಳಗೊಳ ಸದ್ದು, ಮುಖ ಕೆಂಪು, ಮೂಗಿನಿಂದೆಲ್ಲ ಹಾಲು. ಅತ್ತು ಅತ್ತು ಸ್ವರ ಬಿದ್ದುಹೋಗಿದೆ. ಎರಡು ತಿಂಗಳ ಕೂಸಿಗೆ ಮುದುಕರ ಸ್ವರ.

ಆರೋಗ್ಯ ಕೇಂದ್ರದ ನರ್ಸ್ ಆಸ್‌ಲೌಗ್ ಬಂದಿದ್ದರು. ಹೊಟ್ಟೆಯ ಬಾಯಿ ಇನ್ನೂ ಸಡಿಲ, ಕುಡಿದದ್ದು ಉರಿಯುತ್ತ ಮೇಲಕ್ಕೆ ಏರುತ್ತದೆ ಎಂದರು. ತೊಟ್ಟಿಲ ತಲೆಕಡೆಯ ಕಾಲುಗಳ ಕೆಳಗೆ ಮರದ ತುಂಡು ಇಡಿಸಿದರು. ಎಂಡ್ರೆ ಬೆಳಗಾಗುವಷ್ಟರಲ್ಲಿ ಜಾರಿ ಜಾರಿ ಕಾಲಕಡೆಗೆ ಮುದ್ದೆಯಾಗಿರುತ್ತಾನೆ. ನಾಲ್ಕು ಗಂಟೆಗೊಮ್ಮೆ ಮಾತ್ರ ಹಾಲು, ಕುಡಿಯುವ ಮೊದಲು ಒಮ್ಮೆ, ಕುಡಿದ ಮೇಲೆ ಒಮ್ಮೆ ತಕ್ಕಡಿಯಲ್ಲಿ ತೂಗಿ ಬರೆದಿಡಬೇಕು ಎಂದರು. ನಿನ್ನೆ ಬೆಳಿಗ್ಗೆ ತೊಂಬತ್ತು ಗ್ರಾಂ ಕುಡಿದ. ನಾನು ಪುಸ್ತಕದಲ್ಲಿ ತೊಂಬತ್ತು ಎಂದು ಬರೆಯುತ್ತಿರುವಾಗಲೇ ಎಲ್ಲವನ್ನೂ ತಕ್ಕಡಿಯ ಮೇಲೇ ಕಕ್ಕಿದ. ಈಗ ಎಷ್ಟು ಎಂದು ಬರೆಯಲಿ?

ಅತ್ತೆ ದಿನಾ ಒಂದೇ ಮಾತು. "ನಿನ್ ಹಾಲಲ್ಲಿ ಸತ್ವ ಇಲ್ಲ ಕಣೇ. ನಾನು ಐದು ಹೆತ್ತೆ, ಒಂದೂ ಹಿಂಗೆ ಮಾಡ್ಲಿಲ್ಲ." ಕೆಟ್ಟ ಮನಸ್ಸಿನಿಂದ ಹೇಳುವುದಲ್ಲ. ಹಾಗೆ ಹೇಳುತ್ತಲೇ ಗಂಜಿಯ ತಟ್ಟೆ ತಂದು ಮುಂದಿಡುತ್ತಾರೆ, ನಾನು ಮುಗಿಸುವವರೆಗೆ ಮಗುವನ್ನು ಎತ್ತಿಕೊಂಡು ಓಡಾಡುತ್ತಾರೆ. ಎರಡು ಹೊತ್ತು ತಿನ್ನುತ್ತಿದ್ದೇನೆ. ನೀನು ಹೇಳಿದ ಹಾಗೇ ಮಾಡುತ್ತಿದ್ದೇನೆ ಅಕ್ಕಾ.

ಟೂರುನ್

•

ಬೆಟ್ಟದ ಹಟ್ಟಿ, 7 ಜುಲೈ 1962

ಟೂರುನ್,

ಅಣ್ಣ ಕುದುರೆಗೆ ಹೊರೆ ಕಟ್ಟುತ್ತಿದ್ದಾನೆ, ನಾಲ್ಕೇ ಸಾಲು. ಎರಡು ಪೊಟ್ಟಣ ಕಳಿಸಿದ್ದೇನೆ, ಮುಂದಿನ ವಾರ ಇನ್ನೊಂದು. ಡಾಗ್ರೋಸಳ ಕೆನೆಯನ್ನು ಬೇರೆಯಾಗಿ ಕಡೆದ ಬೆಣ್ಣೆ, ಬೇರೆ ಯಾರಿಗೂ ಕೊಟ್ಟಿಲ್ಲ. ತಕ್ಕಡಿಯನ್ನು ಸಮುದ್ರಕ್ಕೆ ಎಸೆ. ನಿನ್ನನ್ನು ಯಾರೂ ತೂಗಿ ಸಾಕಲಿಲ್ಲ. ಅಮ್ಮ ಹೋದ ಮೇಲೆ ನಿನಗೆ ಹಾಲು ಕುಡಿಸಿ ಬೆಳೆಸಿದವಳು ನಾನು, ನನ್ನ ಮಾತು ಕೇಳು. ತಿನ್ನು.

ಗುದ್‌ವೈಗ್

•

ಸ್ಕಾರ್ವೆ, 21 ಜುಲೈ 1962

ಅಕ್ಕಾ,

ದೋಣಿಯ ಯಂತ್ರ ಕೆಟ್ಟು ಹನ್ನೆರಡು ದಿನ ದ್ವೀಪಕ್ಕೆ ಏನೂ ಬರಲಿಲ್ಲ. ಅಂಚೆ ಇಲ್ಲ, ಹಾಲಿಲ್ಲ, ನಿನ್ನ ಪೊಟ್ಟಣವೂ ಇಲ್ಲ. ಇದ್ದ ಬೆಣ್ಣೆ ಎರಡನೇ ದಿನಕ್ಕೇ ಮುಗಿಯಿತು. ಆಮೇಲೆ ಬೇಯಿಸಿದ ಮೀನು, ಆಲೂಗಡ್ಡೆ, ಒಣ ರೊಟ್ಟಿ, ಕಪ್ಪು ಕಾಫಿ. ಅತ್ತೆಗೆ ಒಂದೇ ಚಿಂತೆ, ಬಾಣಂತಿಗೆ ಗಂಜಿ ಇಲ್ಲವಲ್ಲ ಅಂತ.

ಕೇಳು, ಏನಾಯಿತು ಗೊತ್ತೇ? ಎಂಡ್ರೆ ಸರಿಹೋದ. ಆರನೇ ದಿನವೋ ಏಳನೇ ದಿನವೋ, ಕುಡಿದು ಮುಗಿಸಿ ನನ್ನ ಮುಖ ನೋಡಿ ಸುಮ್ಮನೆ ಇದ್ದ. ನಾನು ಕಾಯುತ್ತ ಕೂತೆ. ಚೀರಲಿಲ್ಲ. ಮಾರನೆಯ ದಿನ ತೊಟ್ಟಿಲಲ್ಲಿ ಮಲಗಿ ಮೂರು ಗಂಟೆ ನಿದ್ದೆ ಮಾಡಿದ. ನಾನು ಪಕ್ಕದಲ್ಲೇ ನಿಂತು ಉಸಿರಾಡುತ್ತಿದ್ದಾನೋ ಇಲ್ಲವೋ ಅಂತ ಬಗ್ಗಿ ಬಗ್ಗಿ ನೋಡಿದೆ. ತಲೆ ಬಾಚಿಕೊಂಡೆ ಅಕ್ಕಾ. ಬಿಸಿಲಲ್ಲಿ ಅವನನ್ನು ಎತ್ತಿಕೊಂಡು ದೋಣಿಕಟ್ಟೆಯವರೆಗೆ ನಡೆದೆ. ಕಂಡವರಿಗೆಲ್ಲ ನಕ್ಕ. ದೊಡ್ಡ ಕಂಟಕ ಕಳೆಯಿತು ಅಂತ ಅತ್ತೆ ದೇವರಿಗೆ ಕೈಮುಗಿದರು.

ಮೊನ್ನೆ ದೋಣಿ ಬಂತು. ನಿನ್ನ ಮೂರು ಪೊಟ್ಟಣವೂ ಒಟ್ಟಿಗೆ. ಅತ್ತೆ ಅವತ್ತೇ ದೊಡ್ಡ ಪಾತ್ರೆಯಲ್ಲಿ ಕೆನೆಗಂಜಿ ಮಾಡಿ ಅಕ್ಕಪಕ್ಕದವರನ್ನೂ ಕರೆದರು, ಹಬ್ಬದ ಹಾಗಿತ್ತು. ಡಾಗ್ರೋಸಳ ಬೆಣ್ಣೆ ಅಂತ ಎಲ್ಲರಿಗೂ ಹೇಳಿದೆ.

23ನೇ ತಾರೀಕು. ಪತ್ರ ಮುಚ್ಚಿರಲಿಲ್ಲ, ಅದಕ್ಕೆ ಇಷ್ಟು ಸೇರಿಸುತ್ತೇನೆ. ಮತ್ತೆ ಶುರುವಾಯಿತು. ಮೊದಲಿಗಿಂತ ಜೋರು. ಸರಿಹೋಯಿತು ಅಂತ ಊರೆಲ್ಲ ಹೇಳಿಕೊಂಡು ತಿರುಗಬಾರದಿತ್ತು.

ಟೂರುನ್

•

ಬೆಟ್ಟದ ಹಟ್ಟಿ, 4 ಆಗಸ್ಟ್ 1962

ಟೂರುನ್,

ನಿನ್ನ ಪತ್ರ ಹೋದ ಶನಿವಾರವೇ ಬಂತು. ಅವತ್ತೇ ಉತ್ತರ ಬರೆಯಲು ಕೂತೆ, ಆಗಲಿಲ್ಲ. ಒಲೆಯ ಮೇಲಿದ್ದ ಚೀಸ್ ತಳ ಹಿಡಿಯಿತು, ಹದಿನೆಂಟು ವರ್ಷದಲ್ಲಿ ಇದೇ ಮೊದಲು. ಕಡಾಯಿ ಉಜ್ಜಿ ಉಜ್ಜಿ ಕೈ ಬಿದ್ದುಹೋಯಿತು.

ಇಲ್ಲಿ ಹವೆ ಚೆನ್ನಾಗಿದೆ. ಹಾಲು ಈ ವರ್ಷ ಎಂದಿಗಿಂತ ಹೆಚ್ಚು. ಕರುವಿಗೆ ಹೆಸರಿಟ್ಟಿಲ್ಲ.

ಮಕ್ಕಳು ಒಮ್ಮೆ ಹೀಗೆ ಒಮ್ಮೆ ಹಾಗೆ ಇರುತ್ತಾರೆ, ಕಾರಣ ಹುಡುಕುತ್ತ ಕೂರಬಾರದು. ಈ ಸಲ ಬೆಣ್ಣೆ ಸ್ವಲ್ಪ ಕಡಿಮೆ ಕಳಿಸಿದ್ದೇನೆ, ಪೊಟ್ಟಣ ಹಗುರ ಇರಲಿ ಅಂತ.

ಗುದ್‌ವೈಗ್

•

ಸ್ಕಾರ್ವೆ, 13 ಆಗಸ್ಟ್ 1962

ಅಕ್ಕಾ,

ನಿನ್ನ ಪತ್ರದಲ್ಲಿ ನಾಲ್ಕು ಸಾಲು ಮಸಿ ಬಳಿದು ಹೊಡೆದುಹಾಕಿದ್ದೀಯ. ಬೆಳಕಿಗೆ ಹಿಡಿದು ನೋಡಿದೆ, ಏನೂ ಕಾಣಲಿಲ್ಲ. ನನ್ನನ್ನು ಬೈದಿದ್ದೆ ಅಂತ ಕಾಣುತ್ತದೆ. ಬೈಯುವುದಾದರೆ ನೇರ ಬೈಯಿ. ಬೆಣ್ಣೆ ಯಾಕೆ ಕಡಿಮೆ ಮಾಡಿದೆ? ನನ್ನ ಮೇಲೆ ಬೇಸರವೇ? ಅತ್ತೆ ದೋಣಿಕಟ್ಟೆಯ ಅಂಗಡಿಯಿಂದ ಕೊಂಡು ತಂದು ಸರಿತೂಗಿಸಿದರು.

ಮಗುವಿನ ಲಂಗೋಟಿಯಲ್ಲಿ ರಕ್ತದ ಎಳೆ ಕಂಡೆ. ಮೂರು ಸಲ. ನರ್ಸಿಗೆ ಹೇಳಿದೆ, ತಿಣುಕಿದ ಒತ್ತಡಕ್ಕೆ ಬರುತ್ತದೆ ಎಂದರು. ಮೂರೂವರೆ ತಿಂಗಳಿಗೆ ನಾಲ್ಕು ಕಿಲೋ ಎಂಟುನೂರು. ಎದೆ ಕಂಡರೆ ಬಾಯಿ ತೆರೆಯುತ್ತಾನೆ, ಎರಡು ಗುಟುಕಿಗೆ ನಾನೇ ಸುಟ್ಟ ಹಾಗೆ ಚೀರಿ ಮುಖ ತಿರುಗಿಸುತ್ತಾನೆ. ಹಸಿದು ಮತ್ತೆ ನನ್ನ ಹತ್ತಿರವೇ ಬರುತ್ತಾನೆ, ಬೇರೆ ಎಲ್ಲಿಗೆ ಹೋಗುತ್ತಾನೆ?

ಒಂದು ಮಾತು ಹೇಳುತ್ತೇನೆ, ಅಣ್ಣನಿಗೆ ಹೇಳಬೇಡ. ಗುರುವಾರ ಮಧ್ಯಾಹ್ನ ಅವನನ್ನು ಅಡುಗೆಮನೆಯ ನೆಲದ ಮೇಲೆ ಮಲಗಿಸಿ, ಬಾಗಿಲು ಹಾಕಿಕೊಂಡು, ಬಂಡೆಗಳ ಹತ್ತಿರ ಹೋಗಿ ಕೂತೆ. ಅಲೆಯ ಸದ್ದಿಗೆ ಅವನ ಅಳು ಕೇಳಿಸುತ್ತಿರಲಿಲ್ಲ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಅತ್ತೆ ಹುಡುಕಿಕೊಂಡು ಬಂದರು, ಬೈಯಲಿಲ್ಲ. "ಏಳವ್ವ, ಥಂಡಿ ಆಗುತ್ತೆ" ಅಂದರು. ಆ ಒಂದು ಮಾತಿಗೆ ನನಗೆ ಹೆದರಿಕೆ ಆಯಿತು. ನನ್ನತ್ತೆ ಯಾರಿಗೂ ಅವ್ವ ಅನ್ನುವವರಲ್ಲ.

ಎದೆಹಾಲು ಬಿಡಿಸಿ ಬಾಟಲಿ ಹಿಡಿಸಿ ಅನ್ನುತ್ತಾರೆ ಡಾಕ್ಟರು. ನನ್ನ ಹಾಲು ಅವನಿಗೆ ಒಗ್ಗುವುದಿಲ್ಲವಂತೆ. ನಾನು ಇನ್ನೂ ಹೂಂ ಅಂದಿಲ್ಲ. ಅದೊಂದನ್ನಾದರೂ ಸರಿಯಾಗಿ ಮಾಡಬೇಕು ಅಂತ ಹಟ. ಇನ್ನು ಮೇಲೆ ತಿನ್ನು ಅಂತ ಬರೆಯಬೇಡ ಅಕ್ಕಾ. ತಿನ್ನುತ್ತಲೇ ಇದ್ದೇನೆ, ಗಂಟಲಲ್ಲಿ ಇಳಿಯದಿದ್ದರೂ ನೂಕುತ್ತಿದ್ದೇನೆ. ನಿನ್ನ ಅಕ್ಷರ ಕಂಡರೆ ಈಗ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಟೂರುನ್

•

ಬೆಟ್ಟದ ಹಟ್ಟಿ, 23 ಆಗಸ್ಟ್ 1962

ಟೂರುನ್,

ಈ ಪತ್ರ ಓದಿದ ಕ್ಷಣದಿಂದ ಗಂಜಿ ತಿನ್ನಬೇಡ. ಬೆಣ್ಣೆ, ಚೀಸ್, ಕಾಫಿಗೆ ಹಾಕುವ ಹಾಲಿನ ಹನಿ ಕೂಡ ಬೇಡ. ನಾನು ಕಳಿಸಿದ್ದನ್ನೆಲ್ಲ ಅತ್ತೆಗೆ ಕೊಡು, ಇಲ್ಲವೇ ಹಕ್ಕಿಗಳಿಗೆ ಹಾಕು.

ಇವತ್ತು ನಿನ್ನ ಪತ್ರಗಳನ್ನೆಲ್ಲ ತಾರೀಕಿನ ಪ್ರಕಾರ ಮೇಜಿನ ಮೇಲೆ ಹರಡಿ ಓದಿದೆ. ನನ್ನ ಪೊಟ್ಟಣ ಬಂದಾಗಲೆಲ್ಲ ಅವನಿಗೆ ಜಾಸ್ತಿ. ದೋಣಿ ನಿಂತ ಹನ್ನೆರಡು ದಿನ ನಿನಗೆ ಹಾಲಿಲ್ಲ, ಬೆಣ್ಣೆಯಿಲ್ಲ, ಮಗು ನಕ್ಕ. ದೋಣಿ ಬಂತು, ಗಂಜಿ ತಿಂದೆ, ಮತ್ತೆ ಚೀರಿದ. ಡಾಗ್ರೋಸ್ ಮೇದ ಟರ್ನಿಪ್ ಸೊಪ್ಪು ಮರುದಿನದ ಹಾಲಿಗೆ ಬಂತಲ್ಲ, ಹಾಗೆಯೇ ನೀನು ತಿಂದ ಹಸುವಿನ ಹಾಲು ನಿನ್ನ ಹಾಲಿಗೆ ಬರುತ್ತಿದೆ. ಅದೇ ಅವನಿಗೆ ಆಗುತ್ತಿಲ್ಲ. ನಿನ್ನ ಹಾಲಲ್ಲಿ ತಪ್ಪಿಲ್ಲ ಪುಟ್ಟಿ. ನಿನ್ನ ಹಾಲು ಚೆನ್ನಾಗಿದೆ.

ಎದೆಹಾಲು ಬಿಡಿಸಬೇಡ. ಡಾಕ್ಟರು ಏನೇ ಅನ್ನಲಿ, ಎರಡು ವಾರ ಕಾಯಿ. ಬಾಟಲಿಯಲ್ಲಿ ಇರುವುದೂ ಹಸುವಿನ ಹಾಲೇ.

ಅಣ್ಣ ಬರುವವರೆಗೆ ಕಾಯುವುದಿಲ್ಲ. ಹಸುಗಳನ್ನು ಕಟ್ಟಿ, ಈಗಲೇ ನಡೆದು ಕಣಿವೆಗೆ ಇಳಿದು ಅಂಚೆಗೆ ಹಾಕುತ್ತೇನೆ.

ಗುದ್‌ವೈಗ್

•

ಸ್ಕಾರ್ವೆ, 2 ಸೆಪ್ಟೆಂಬರ್ 1962

ಅಕ್ಕಾ,

ಎದೆಹಾಲು ನಿಲ್ಲಿಸಿದೆ. ಶುಕ್ರವಾರ, 31ಕ್ಕೆ. ನರ್ಸ್ ಹಾಲು ಬತ್ತುವ ಮಾತ್ರೆ ಕೊಟ್ಟು, ಎದೆಗೆ ಬಟ್ಟೆ ಬಿಗಿದು ಕಟ್ಟಿದರು. ಮೊದಲ ದಿನ ಕಲ್ಲು ಕಟ್ಟಿದ ಹಾಗೆ ನೋವು. ಎಂಡ್ರೆ ನನ್ನ ವಾಸನೆಗೆ ಬಾಯಿ ತೆರೆಯುತ್ತಾನೆ ಎಂದು ಅತ್ತೆಯೇ ಬಾಟಲಿ ಹಿಡಿದರು, ನಾನು ಒಣಮೀನಿನ ಕೋಣೆಯಲ್ಲಿ ಕೂತಿದ್ದೆ.

ಬಾಟಲಿ ಹಾಲು ಒಂದು ಹನಿಯೂ ಉಳಿಯಲಿಲ್ಲ. ನಿನ್ನೆ ಪಟ್ಟಣದ ಆಸ್ಪತ್ರೆಗೆ ಸೇರಿಸಿ ಬಂದೆವು. ಭಾನುವಾರ ಮಾತ್ರ ಒಂದು ಗಂಟೆ ನೋಡಲು ಬಿಡುತ್ತಾರೆ, ಅದೂ ಗಾಜಿನ ಆಚೆಯಿಂದ.

ಸದ್ಯಕ್ಕೆ ಏನೂ ಕಳಿಸಬೇಡ.

ಟೂರುನ್

•

ಬೆಟ್ಟದ ಹಟ್ಟಿ, 8 ಸೆಪ್ಟೆಂಬರ್ 1962

ಟೂರುನ್,

ನನ್ನ 23ರ ಪತ್ರ ನಿನಗೆ ಸಿಗಲಿಲ್ಲವೇ? ಅದರ ಬಗ್ಗೆ ಒಂದು ಮಾತೂ ಬರೆದಿಲ್ಲ. ಅಂಚೆಯವನ ಕೈಗೇ ಕೊಟ್ಟಿದ್ದೆ. ದಾರಿಯಲ್ಲಿ ಎಲ್ಲೋ ತಪ್ಪಿಹೋಗಿರಬೇಕು, ಇಲ್ಲವೇ ಆ ದೋಣಿ ಮತ್ತೆ ಕೆಟ್ಟಿರಬೇಕು. ಅದರಲ್ಲಿದ್ದದ್ದನ್ನೇ ಮತ್ತೆ ಬರೆಯುತ್ತೇನೆ: ಮಗುವಿಗೆ ಹಸುವಿನ ಹಾಲು ಆಗುವುದಿಲ್ಲ, ನೀನು ತಿಂದ ಬೆಣ್ಣೆ, ಚೀಸ್ ನಿನ್ನ ಹಾಲಿನ ಮೂಲಕ ಅವನಿಗೆ ಹೋಗುತ್ತಿತ್ತು. ಡಾಕ್ಟರಿಗೆ ಹೇಳು. ಕಾಲಿಗೆ ಬಿದ್ದಾದರೂ ಹೇಳು. ಕಟ್ಟು ಬಿಚ್ಚಿಸು, ಮಾತ್ರೆ ಬಿಡು.

ನಾಳಿದ್ದು ಕೆಳಗೆ ಇಳಿಯುತ್ತೇವೆ. ಹಸುಗಳಿಗೆ ಗಿರಾಕಿ ಬಂದಿದ್ದಾರೆ, 15ಕ್ಕೆ ಒಯ್ಯುತ್ತಾರೆ. ಇರಲಿ. ನಿನ್ನ ಸುದ್ದಿ ಬರೆ.

ಗುದ್‌ವೈಗ್

•

ಸ್ಕಾರ್ವೆ, 19 ಸೆಪ್ಟೆಂಬರ್ 1962

ಅಕ್ಕಾ,

ನಿನ್ನ ಪತ್ರ ಎಲ್ಲೂ ತಪ್ಪಿಹೋಗಲಿಲ್ಲ. ದೋಣಿಯೂ ಕೆಡಲಿಲ್ಲ. ಗುರುವಾರ, 30ಕ್ಕೆ ನನ್ನ ಕೈಗೇ ಬಂತು. ಕಟ್ಟು ಹಾಕುವ ಹಿಂದಿನ ದಿನ.

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿದೆ. ಮತ್ತೆ ಅದೇ ಇರುತ್ತದೆ, ತಿನ್ನು ತಿನ್ನು ಅಂತ, ಅಂದುಕೊಂಡೆ. ಎಂಡ್ರೆ ಹೆಗಲ ಮೇಲೆ ಚೀರುತ್ತಿದ್ದ. ಆಮೇಲೆ ಓದೋಣ ಅಂತ ಅದನ್ನು ಮರಿಗೆಯ ಕೆಳಗೆ ಸಿಕ್ಕಿಸಿದೆ, ಗಾಳಿಗೆ ಹಾರದಿರಲಿ ಅಂತ. ಓದಲಿಲ್ಲ. ಹನ್ನೆರಡನೇ ತಾರೀಕು ಮರಿಗೆ ತೊಳೆದಿಡಲು ಎತ್ತಿದಾಗ ಕಣ್ಣಿಗೆ ಬಿತ್ತು. ನಿಂತಲ್ಲೇ ಓದಿದೆ. ಎರಡನೇ ಪತ್ರ ಅದಾದ ನಾಲ್ಕು ದಿನಕ್ಕೆ ಬಂತು.

ಓದಿದ ಕೂಡಲೇ ಕಟ್ಟು ಹರಿದು ಎಸೆದೆ. ಕೈಯಿಂದ ಹಿಂಡಿದೆ, ಬಿಸಿನೀರಿನ ಬಟ್ಟೆ ಇಟ್ಟು ಹಿಂಡಿದೆ. ಎರಡು ಹನಿ ಬಂತು, ನೀರಿನಂಥದು. ಭಾನುವಾರ ಆಸ್ಪತ್ರೆಯಲ್ಲಿ ಅತ್ತು ಕರೆದು ಅವನನ್ನು ಒಂದು ಸಲ ಕೈಗೆ ಕೊಡಿಸಿಕೊಂಡೆ. ಎದೆಗೆ ಹಿಡಿದೆ. ಅವನು ಮೂಸಿ ನೋಡಿ, ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ಆಚೆ ತಿರುಗಿದ. ಈಗ ಮೂಗಿನ ನಳಿಕೆಯಲ್ಲಿ ಹಾಲು ಬಿಡುತ್ತಾರೆ.

ಡಾಕ್ಟರಿಗೆ ನಿನ್ನ ಮಾತು ಹೇಳಿದೆ. "ಯಾರಮ್ಮ ಹೇಳಿದ್ದು?" ಅಂದರು. ನನ್ನಕ್ಕ, ಬೆಟ್ಟದಲ್ಲಿ ಹಸು ಕಾಯುತ್ತಾಳೆ ಅಂದೆ. ನಕ್ಕು, "ನಿಮ್ಮಕ್ಕಂಗೆ ಹಸು ವಿಷಯ ಬಿಟ್ಬಿಡಿ, ಮಗು ವಿಷಯ ನಮಗಿರ್ಲಿ" ಅಂದರು. ಅವರನ್ನು ಬೈದು ಪ್ರಯೋಜನವಿಲ್ಲ. ಅವರು ನಿನ್ನ ಪತ್ರವನ್ನು ಮರಿಗೆಯ ಕೆಳಗೆ ಇಟ್ಟವರಲ್ಲ.

ನೀನು ಕಂಡುಹಿಡಿದೆ, ಬೆಟ್ಟ ಇಳಿದು ಓಡಿಬಂದು ಅಂಚೆಗೆ ಹಾಕಿದೆ. ನಾನು ಲಕೋಟೆ ಒಡೆಯಲಿಲ್ಲ. ಒಂದು ದಿನ ಮೊದಲು ಅಕ್ಕಾ, ಒಂದೇ ದಿನ. ಇದನ್ನು ಓಡ್ಮುಂಡ್‌ಗೂ ಹೇಳಿಲ್ಲ. ಯಾರಿಗಾದರೂ ಹೇಳಲೇಬೇಕಿತ್ತು.

ಟೂರುನ್

•

ಬ್ರೆಕ್ಕೆ ಮನೆ, 27 ಸೆಪ್ಟೆಂಬರ್ 1962

ಟೂರುನ್,

ನಿನ್ನ ಪತ್ರ ಓದಿ ಎರಡು ದಿನ ಕೊಟ್ಟಿಗೆಯಲ್ಲೇ ಕೂತಿದ್ದೆ. ಖಾಲಿ ಕೊಟ್ಟಿಗೆ. ನೀನು ತಪ್ಪನ್ನು ನಿನ್ನ ತಲೆಗೆ ಕಟ್ಟಿಕೊಂಡು ಕೂರುವುದನ್ನು ನೋಡಿಕೊಂಡು ಸುಮ್ಮನಿದ್ದುಬಿಡಬಹುದಿತ್ತು. ಒಂದು ಕ್ಷಣ ಹಾಗೂ ಅಂದುಕೊಂಡೆ. ಆಗಲಿಲ್ಲ.

ಆಗಸ್ಟ್ 23ಕ್ಕೆ ಕಂಡುಹಿಡಿದೆ ಅಂತ ಬರೆದೆನಲ್ಲ, ಅದು ಸುಳ್ಳು. ದೋಣಿ ಕೆಟ್ಟ ಸುದ್ದಿ ಬರೆದ ನಿನ್ನ ಪತ್ರ ಜುಲೈ 28ಕ್ಕೆ ನನ್ನ ಕೈ ಸೇರಿತು. ಚೀಸ್ ಕಲಕುತ್ತ ನಿಂತು ಓದಿದೆ. ಓದಿ ಮುಗಿಸುವಷ್ಟರಲ್ಲಿ ಗೊತ್ತಾಯಿತು. ಹದಿನೆಂಟು ವರ್ಷ ಹಸುವಿನ ಜೊತೆ ಕಳೆದವಳಿಗೆ ಅದು ಗೊತ್ತಾಗದೆ ಇರುತ್ತದೆಯೇ? ಚೀಸ್ ತಳ ಹಿಡಿದದ್ದು ಆಗಲೇ. ಮಸಿ ಬಳಿದ ಆ ನಾಲ್ಕು ಸಾಲಿನಲ್ಲಿ ನಿನ್ನನ್ನು ಬೈದಿರಲಿಲ್ಲ. ಹಾಲು ಬಿಟ್ಟು ನೋಡು ಅಂತ ಬರೆದಿದ್ದೆ.

ಯಾಕೆ ಅಳಿಸಿದೆ ಅಂದರೆ, ಅವತ್ತು ಅಣ್ಣ ಹೊರೆ ಕಟ್ಟುತ್ತ, "ಟೂರುನ್‌ಗೆ ಬೇಕು ಅಂತ ಸುಮ್ನಿದೀನಿ. ಅದೊಂದಿಲ್ದಿದ್ರೆ ನಾಳೇನೇ ಹಟ್ಟಿಗೆ ಬೀಗ" ಅಂದ. ಆ ಹಟ್ಟಿ ಬಿಟ್ಟರೆ ನನಗೆ ಏನಿದೆ? ಅಣ್ಣನ ಮನೆಯಲ್ಲಿ ಅತ್ತಿಗೆಯ ಪಾತ್ರೆ ತೊಳೆಯುವುದು. ಬೇಸಿಗೆ ಮುಗಿಯಲು ಇನ್ನು ನಾಲ್ಕೈದು ವಾರ, ಮಗು ಕಕ್ಕುವುದು ತಾನೇ, ಯಾವ ಮಗು ಕಕ್ಕುವುದಿಲ್ಲ ಅಂದುಕೊಂಡೆ. ಬೆಣ್ಣೆ ಕಡಿಮೆ ಕಳಿಸಿದರೆ ಆಯಿತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ರಕ್ತ, ನೆಲದ ಮೇಲೆ ಮಲಗಿಸಿ ಸಮುದ್ರದ ಹತ್ತಿರ ಹೋಗಿದ್ದು, ಆ ಪತ್ರ ನನಗೆ ಬಂದದ್ದು ಆಗಸ್ಟ್ 18ಕ್ಕೆ. ನಾನು ಬರೆದದ್ದು 23ಕ್ಕೆ. ಆ ಐದು ದಿನ ಏನು ಮಾಡಿದೆ ಅಂತ ಕೇಳಬೇಡ. ಬೆಣ್ಣೆ ಕಡೆದೆ.

ಒಂದು ದಿನದ ಮಾತು ಬರೆದಿದ್ದೀಯ. ನನ್ನ ಲೆಕ್ಕದಲ್ಲಿ ಇಪ್ಪತ್ತಾರು ದಿನ. ಕ್ಷಮಿಸು ಅಂತ ಕೇಳುವುದಿಲ್ಲ. ಆ ಲಕೋಟೆಯ ವಿಷಯ ಮಾತ್ರ ನಿನ್ನ ಮೇಲೆ ಹಾಕಿಕೊಳ್ಳಬೇಡ. ನನ್ನ ಅಕ್ಷರ ಕಂಡರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ ಅಂದಿದ್ದೆಯಲ್ಲ, ನಿನ್ನ ಹೊಟ್ಟೆಗೆ ನನಗಿಂತ ಮೊದಲೇ ಸತ್ಯ ತಿಳಿದಿತ್ತು.

ಎಂಡ್ರೆಯನ್ನು ನಾನು ಇನ್ನೂ ನೋಡಿಲ್ಲ. ಬರಲೇ?

ಗುದ್‌ವೈಗ್

•

ಸ್ಕಾರ್ವೆ, 11 ನವೆಂಬರ್ 1962

ಗುದ್‌ವೈಗ್,

ಎಂಡ್ರೆಯನ್ನು ಮನೆಗೆ ಕಳಿಸಿದ್ದಾರೆ. ಆರು ತಿಂಗಳು ತುಂಬಿತು, ಐದು ಕಿಲೋ ನಾನೂರು. ಓಟ್ಸ್ ಗಂಜಿಯನ್ನು ನೀರಲ್ಲಿ ಬೇಯಿಸಿ ಚಮಚದಲ್ಲಿ ಕೊಡುತ್ತೇವೆ, ಅದಷ್ಟು ಉಳಿಯುತ್ತದೆ. ಚಮಚ ಕಂಡರೂ ಹೆದರುತ್ತಾನೆ. ಈಗಲೂ ಕೂತಲ್ಲೇ, ಹೆಗಲ ಮೇಲೇ ನಿದ್ದೆ. ನನ್ನ ಹೆಗಲಲ್ಲ, ಅತ್ತೆಯದು. ಅಷ್ಟು ವಾರ ಗಾಜಿನ ಆಚೆ ನಿಂತವಳನ್ನು ಅವನು ಗುರುತಿಟ್ಟುಕೊಂಡಿಲ್ಲ. ನಾನು ಎತ್ತಿಕೊಂಡರೆ ಬೆನ್ನು ಬಗ್ಗಿಸುತ್ತಾನೆ. ವರ್ಷ ತುಂಬಿದರೆ ತಾನಾಗಿ ಸರಿಹೋಗುತ್ತದೆ ಅನ್ನುತ್ತಾರೆ ನರ್ಸ್. ಕಕ್ಕುವುದರ ಬಗ್ಗೆ ಅವರು ಹೇಳುವುದು.

ನಿನ್ನ ಪತ್ರ ಅಕ್ಟೋಬರ್ ಮೊದಲ ವಾರದಲ್ಲಿ ಬಂತು. ಬಂದ ಕೂಡಲೇ ಒಡೆದು ಓದಿದೆ. ದಿನಾ ಉತ್ತರ ಬರೆಯಲು ಕೂತೆ.

ಮರಿಗೆಯನ್ನು ಬಿಸಿನೀರಲ್ಲಿ ತೊಳೆದು, ಒಲೆಯ ಪಕ್ಕ ಒಣಗಿಸಿ, ಇವತ್ತಿನ ದೋಣಿಗೆ ಹಾಕಿದ್ದೇನೆ. ಒಳಗಿಡಲಿ ಅಂತ ಅತ್ತೆ ಒಂದು ಕಟ್ಟು ಒಣಮೀನು ತಂದುಕೊಟ್ಟರು. ನಾನು ಅದನ್ನು ತಿರುಗಿ ಮೊಳೆಗೆ ನೇತುಹಾಕಿದೆ.

ಟೂರುನ್